ಕಾಜಲ್ ತರಲು ಹೋದವಳು ನಾಲ್ಕು ಸಾವಿರದ ಬಿಲ್ ಹಿಡಿದುಕೊಂಡು ಬಂದೆ, ಆ ಅಂಗಡಿಯಲ್ಲಿ ನನಗೆ ಆಗಿದ್ದಾದರೂ ಏನು?

ಕಾಡಿಗೆಡಬ್ಬಿ

ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಹೋದ ಶನಿವಾರ ಬೆಂಗಳೂರಿನ ಒಂದು ಮಾಲ್‌ಗೆ ಹೋಗಿದ್ದೆ. ಬೇಕಾಗಿದ್ದು ಒಂದೇ ಒಂದು ಕಾಜಲ್ ಪೆನ್ಸಿಲ್. ಬ್ರ್ಯಾಂಡ್ ಗೊತ್ತು, ಬೆಲೆ ಗೊತ್ತು, ಬಣ್ಣ ಅಂತೂ ಕಪ್ಪೇ, ಐದು ನಿಮಿಷದ ಕೆಲಸ. ಹೊರಗೆ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಕೈಯಲ್ಲಿ ಒಂದು ಸೀರಮ್, ಒಂದು ನೈಟ್ ಕ್ರೀಮ್, ಒಂದು ಸನ್‌ಸ್ಕ್ರೀನ್, ಜೊತೆಗೆ ಫ್ರೀ ಅಂತ ಕೊಟ್ಟ ಜಿಪ್ ಪೌಚು. ಬಿಲ್ 4,180 ರೂಪಾಯಿ. ಕಾಜಲ್ ತಗೊಂಡಿರಲೇ ಇಲ್ಲ! ಅದು ನೆನಪಾಗಿದ್ದು ಮೆಟ್ರೋದಲ್ಲಿ ಸೀಟು ಸಿಕ್ಕಿ ಕೂತ ಮೇಲೆ.

ನಡೆದಿದ್ದು ಇಷ್ಟು. ಒಳಗೆ ಕಾಲಿಟ್ಟ ಕೂಡಲೇ ಕಪ್ಪು ಟಾಪ್ ಹಾಕಿದ್ದ ಒಬ್ಬ ಹುಡುಗಿ ಬಂದು "ಮೇಡಂ, ನಿಮ್ಮ ಕಣ್ಣು ಎಷ್ಟು ಚೆನ್ನಾಗಿದೆ" ಅಂದಳು. ನನಗೆ 36. ನನ್ನ ಕಣ್ಣಿನ ಬಗ್ಗೆ ಮನೆಯಲ್ಲಿ ಯಾರಾದರೂ ಮಾತಾಡಿ ಎಷ್ಟು ವರ್ಷವಾಯಿತೋ. ಆಮೇಲೆ "ಕಣ್ಣ ಕೆಳಗೆ ಸ್ವಲ್ಪ ಡಲ್ ಕಾಣ್ತಿದೆ, ನಿದ್ದೆ ಸರಿಯಾಗಿ ಆಗ್ತಿಲ್ವಾ ಮೇಡಂ?" ಅಂತ ಕೇಳಿದಳು. ಕೇಳಿದ ರೀತಿ ಹೇಗಿತ್ತು ಅಂದರೆ, ಮಗನಿಗೆ ನಾಲ್ಕು ದಿನದಿಂದ ಜ್ವರ, ಆಫೀಸಿನಲ್ಲಿ ಆಡಿಟ್, ಅತ್ತೆಯ ಮಂಡಿನೋವು, ಎಲ್ಲವನ್ನೂ ಹೇಳಿಕೊಂಡುಬಿಟ್ಟೆ. ಹೆಸರೂ ಗೊತ್ತಿಲ್ಲದ ಹುಡುಗಿಗೆ.

ಆಮೇಲೆ "ಫ್ರೀ ಸ್ಕಿನ್ ಅನಾಲಿಸಿಸ್ ಇದೆ, ಬನ್ನಿ". ಕಣ್ಣಿನ ಡಾಕ್ಟರ ಹತ್ತಿರ ಗಲ್ಲ ಇಟ್ಟು ಕೂರುತ್ತೇವಲ್ಲ, ಅಂಥದ್ದೇ ಒಂದು ಮೆಷಿನ್. ಫಳ್ ಅಂತ ಫ್ಲ್ಯಾಶ್ ಬಂತು. ಪರದೆ ಮೇಲೆ ನನ್ನದೇ ಮುಖ, ಆದರೆ ಹೆಂಚಿನ ಮೇಲೆ ಜಾಸ್ತಿ ಹೊತ್ತು ಬಿಟ್ಟ ಹೋಳಿಗೆ ಥರ, ಮೈತುಂಬ ಕಂದು ಚುಕ್ಕೆ. ಪಕ್ಕದಲ್ಲಿ ದೊಡ್ಡದಾಗಿ "ಸ್ಕಿನ್ ಏಜ್ 43". ಹೊಟ್ಟೆಯೊಳಗೆ ಏನೋ ಜರ್ರನೆ ಇಳಿದ ಹಾಗಾಯಿತು. ತಲೆ ಎತ್ತಿದರೆ ಎದುರಿಗೆ ಆಳೆತ್ತರದ ಪೋಸ್ಟರ್, ಹಾಲಿನ ಕೆನೆಯ ಹಾಗಿರುವ ಒಂದು ಮುಖ, ಕೆಳಗೆ "ದಿನವಿಡೀ ಎಲ್ಲರಿಗಾಗಿ, ಈ ಹತ್ತು ನಿಮಿಷ ನಿಮಗಾಗಿ" ಅಂತ ಬರಹ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು ಅಂದರೆ ನಂಬುತ್ತೀರಾ? ಒಂದು ಕ್ರೀಮಿನ ಪೋಸ್ಟರ್ ನೋಡಿ!

ನಾನು ಅಕೌಂಟ್ಸ್ ಕೆಲಸದವಳು. ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಶಿ ಮಾಡುವವಳು. ಯಾರೂ ನನಗೆ ಸುಳ್ಳು ಹೇಳಲಿಲ್ಲ, ಬಲವಂತ ಮಾಡಲಿಲ್ಲ. ಹಾಗಿದ್ದರೆ ಆ ದುಡ್ಡು ಹೇಗೆ ಹೋಯಿತು? ಇದರ ಒಳಗುಟ್ಟು ಗೊತ್ತಿರುವವರು ಇದ್ದರೆ ಹೇಳಿ. ಅಂಗಡಿ ಹೆಸರು ಕೇಳಬೇಡಿ, ಆ ಹುಡುಗಿಯ ಕೆಲಸಕ್ಕೆ ಕುತ್ತು ಬರುವುದು ಬೇಡ.

ಹಳೇಕೌಂಟರ್

ಒಳಗುಟ್ಟು ನಾನು ಹೇಳುತ್ತೇನೆ. ಆರು ವರ್ಷ ಅದೇ ಕೆಲಸ ಮಾಡಿದ್ದೇನೆ, ಮೈಸೂರಿನಲ್ಲಿ ಎರಡು, ಬೆಂಗಳೂರಿನಲ್ಲಿ ನಾಲ್ಕು. ನಮ್ಮನ್ನು ಬಿಎ ಅಂತಾರೆ, ಬ್ಯೂಟಿ ಅಡ್ವೈಸರ್. ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನಮ್ಮಲ್ಲಿ ಹೆಚ್ಚಿನವರು ಅಂಗಡಿಯ ಸಂಬಳದವರಲ್ಲ, ಬ್ರ್ಯಾಂಡ್ ಕಡೆಯವರು. ಪ್ರತಿ ತಿಂಗಳು ಟಾರ್ಗೆಟ್, ಅದು ದಾಟಿದರೆ ಇನ್ಸೆಂಟಿವ್. ಪಕ್ಕದ ಕೌಂಟರ್ ಹುಡುಗಿ ನನ್ನ ಗೆಳತಿ, ಊಟದ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೆವು, ಆದರೆ ಬಾಗಿಲಿಂದ ಗಿರಾಕಿ ಬಂದರೆ ಇಬ್ಬರಿಗೂ ಪೈಪೋಟಿ.

ಟ್ರೈನಿಂಗ್‌ನಲ್ಲಿ ಮೊದಲ ಪಾಠ, "ಏನು ಬೇಕು ಮೇಡಂ" ಅಂತ ಕೇಳಬಾರದು. ಕೇಳಿದರೆ "ಸುಮ್ನೆ ನೋಡ್ತಿದೀನಿ" ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಒಂದು ಒಳ್ಳೆ ಮಾತಿಂದ ಶುರು ಮಾಡಬೇಕು, ಮತ್ತೆ ಅದು ನಿಜ ಆಗಿರಬೇಕು. ಸುಳ್ಳು ಹೊಗಳಿಕೆ ಹೆಂಗಸರಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಕಣ್ಣು ಚೆನ್ನಾಗೇ ಇರಬೇಕು, ಆ ಬಗ್ಗೆ ಅನುಮಾನ ಬೇಡ. ಎರಡನೇ ಪಾಠ, ಕೊರತೆಯನ್ನು ನಾವು ಹೇಳಬಾರದು, ಅವರ ಬಾಯಿಂದಲೇ ಬರಬೇಕು. "ನಿಮಗೆ ಕಲೆ ಇದೆ" ಅಂದರೆ ಎದ್ದು ಹೋಗುತ್ತಾರೆ. "ಕಲೆಗೆ ಈಗ ಏನು ಹಚ್ತಿದೀರಾ?" ಅಂತ ಕೇಳಿದರೆ ಕೂತುಕೊಳ್ಳುತ್ತಾರೆ. ನಿದ್ದೆ ವಿಷಯ ಕೇಳಿದ್ದೂ ಅದಕ್ಕೇ.

ಮೂರನೆಯದು ಕೈ. ಕ್ರೀಮನ್ನು ಯಾವಾಗಲೂ ಒಂದೇ ಕೈಗೆ ಹಚ್ಚುತ್ತೇವೆ, ಎರಡಕ್ಕೂ ಹಚ್ಚುವುದಿಲ್ಲ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ನಿಧಾನವಾಗಿ ತಿಕ್ಕಿ, ಆಮೇಲೆ ಎರಡೂ ಕೈ ಜೋಡಿಸಿ ನೋಡಿ ಅಂತೀವಿ. ಹಚ್ಚಿದ ಕೈ ಹೊಳೆಯುತ್ತದೆ, ಇನ್ನೊಂದು ಬೂದಿ ಬಡಿದ ಹಾಗೆ ಕಾಣುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ನೋಡಿ, ಅದೇ ಹೊಳಪು ಬರುತ್ತದೆ. ಒದ್ದೆ ಚರ್ಮ ಹೊಳೆಯುತ್ತದೆ, ಅಷ್ಟೇ.

ಮೆಷಿನ್ ಬಗ್ಗೆ. ಅಂಥ ಎಷ್ಟೋ ಮೆಷಿನ್‌ಗಳಲ್ಲಿ ಅಲ್ಟ್ರಾವಯೊಲೆಟ್ ಬೆಳಕು ಇರುತ್ತದೆ. ಬರಿಗಣ್ಣಿಗೆ ಕಾಣದ, ಚರ್ಮದೊಳಗಿನ ಬಿಸಿಲಿನ ಗುರುತುಗಳನ್ನು ಅದು ಎತ್ತಿ ತೋರಿಸುತ್ತದೆ. ಹಾಗಾಗಿ ಅದು ತೋರಿಸಿದ ಚುಕ್ಕೆ ಸುಳ್ಳಲ್ಲ, ಆದರೆ ಬೀದಿಯಲ್ಲಿ ನಿಮ್ಮನ್ನು ನೋಡುವ ಯಾರಿಗೂ ಅದು ಕಾಣುವುದಿಲ್ಲ. ಇಪ್ಪತ್ತು ವರ್ಷದ ಕಾಲೇಜು ಹುಡುಗಿಯನ್ನು ಕೂರಿಸಿದರೂ ಚುಕ್ಕೆ ಬರುತ್ತದೆ. ನಾನೇ ಕೂತು ನೋಡಿದ್ದೇನೆ, ಮೊದಲ ಸಲ ಅವತ್ತು ರಾತ್ರಿ ಊಟ ಸೇರಲಿಲ್ಲ.

ಬೆಳಕಿನ ಆಟ ಇನ್ನೊಂದಿದೆ. ಓಡಾಡುವ ಜಾಗದಲ್ಲಿ ದೀಪ ನೆತ್ತಿ ಮೇಲಿರುತ್ತದೆ, ಅದು ಕಣ್ಣ ಕೆಳಗೆ, ಮೂಗಿನ ಪಕ್ಕ ನೆರಳು ಬೀಳಿಸುತ್ತದೆ. ಮೇಕಪ್ ಕುರ್ಚಿಯ ಎದುರಿನ ಕನ್ನಡಿಗೆ ಎರಡೂ ಬದಿಯಲ್ಲಿ ಬಲ್ಬು, ಅಲ್ಲಿ ನೆರಳೇ ಇರುವುದಿಲ್ಲ. ಬರುವಾಗ ಒಂದು ಕನ್ನಡಿ, ಕೂರುವಾಗ ಇನ್ನೊಂದು ಕನ್ನಡಿ. ಅರ್ಧ ಕೆಲಸ ದೀಪವೇ ಮಾಡಿಬಿಟ್ಟಿರುತ್ತದೆ.

ಆದರೆ ಇದಿಷ್ಟೇ ಹೇಳಿ ಬಿಟ್ಟರೆ ನಾವೆಲ್ಲ ಮೋಸಗಾರರು ಅಂತ ಆಗುತ್ತದೆ. ಒಬ್ಬರು ರಿಟೈರ್ಡ್ ಟೀಚರ್ ಬರುತ್ತಿದ್ದರು, ಪೆನ್ಷನ್ ಬಂದ ವಾರ, ತಪ್ಪದೆ. ಕುರ್ಚಿ ಮೇಲೆ ಕೂತು ಕೈ ಚಾಚುತ್ತಿದ್ದರು. ನಾನು ಹ್ಯಾಂಡ್ ಕ್ರೀಮ್ ತಿಕ್ಕುವಾಗ ಕಣ್ಣು ಮುಚ್ಚಿಕೊಂಡು ಇರುತ್ತಿದ್ದರು. ಕೊನೆಗೆ ಒಂದು ಲಿಪ್ ಬಾಮ್ ತಗೊಂಡು ಹೋಗುತ್ತಿದ್ದರು. ಆ ಲಿಪ್ ಬಾಮ್ ಅವರಿಗೆ ಬೇಕಿರಲಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಇಡೀ ತಿಂಗಳಲ್ಲಿ ಅವರ ಕೈ ಹಿಡಿದವಳು ನಾನೊಬ್ಬಳೇ ಇರಬೇಕು.

ನಿಮ್ಮ ದುಡ್ಡು ಹೋಗಿದ್ದೂ ಅಲ್ಲಿಗೇ ಅಂತ ನನ್ನ ಅಂದಾಜು. "ನಿದ್ದೆ ಆಗ್ತಿಲ್ವಾ" ಅಂತ ಒಬ್ಬರು ಕೇಳಿದರಲ್ಲ, ಅದರ ಬೆಲೆ ಕೊಟ್ಟಿದ್ದೀರಿ. ಸೀರಮ್ ಅದರ ರಸೀದಿ.

ರಸೀದಿ_ಇಟ್ಕೊಳ್ಳಿ

ಅಕ್ಕ ಚೆನ್ನಾಗಿ ಹೇಳಿದರು. ನನ್ನದು ಒಣ ಮಾತು, ಆದರೂ ಇರಲಿ.

2023ರ ನವೆಂಬರ್ ಕೊನೆಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟದ 13 ಬಗೆಯ ಕಳ್ಳಾಟಗಳ ಪಟ್ಟಿ ಮಾಡಿ, ಇವನ್ನು ಮಾಡುವ ಹಾಗಿಲ್ಲ ಅಂತ ಹೇಳಿತು. ಡಾರ್ಕ್ ಪ್ಯಾಟರ್ನ್ ಅಂತ ಅದರ ಹೆಸರು. ಅದರಲ್ಲಿ ಒಂದು, ಬೇಡ ಅನ್ನುವವರಿಗೆ ನಾಚಿಕೆ ಆಗುವ ಹಾಗೆ ಮಾಡುವುದು. ಇನ್ನೊಂದು, "ಇನ್ನು ಎರಡೇ ಉಳಿದಿದೆ, ಬೇಗ ತಗೊಳ್ಳಿ" ಅಂತ ಸುಳ್ಳು ಅವಸರ ಹುಟ್ಟಿಸುವುದು. ತಮಾಷೆ ಏನು ಗೊತ್ತಾ? ಆ ನಿಯಮ ಬಂದಿದ್ದು ಆ್ಯಪು, ವೆಬ್‌ಸೈಟುಗಳನ್ನು ನೋಡಿ. ಅಂಗಡಿಯಲ್ಲಿ ನಿಂತು "ನಿಮ್ಮಿಷ್ಟ ಮೇಡಂ, ಸ್ಕಿನ್ ನಿಮ್ದು, ಆಮೇಲೆ ಕಲೆ ಜಾಸ್ತಿ ಆದ್ರೆ ನಾನೇನೂ ಮಾಡೋಕಾಗಲ್ಲ" ಅನ್ನುವುದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಭಾವನೆ ಕೆರಳಿಸುವುದು ಅಪರಾಧ ಅಲ್ಲ. ಸುಳ್ಳು ಹೇಳುವುದು ಅಪರಾಧ. "ನಾಲ್ಕು ವಾರದಲ್ಲಿ ಕಲೆ ಮಾಯ" ಅಂತ ಪೋಸ್ಟರಲ್ಲಿ ಇದ್ದು ಅದಕ್ಕೆ ಆಧಾರ ಇಲ್ಲದಿದ್ದರೆ ಅದು ದಾರಿ ತಪ್ಪಿಸುವ ಜಾಹೀರಾತು, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಮೊದಲ ಸಲಕ್ಕೆ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪೋಸ್ಟರ್ ಫೋಟೊ ತೆಗೆದುಕೊಂಡು 1915ಕ್ಕೆ ಫೋನ್ ಮಾಡಿ. ಆದರೆ "ಈ ಹತ್ತು ನಿಮಿಷ ನಿಮಗಾಗಿ" ಅನ್ನುವುದನ್ನು ಯಾವ ಕೋರ್ಟಿನಲ್ಲಿ ಸುಳ್ಳು ಅಂತ ಸಾಬೀತು ಮಾಡುತ್ತೀರಿ? ಅಲ್ಲೇ ಇರುವುದು ಜಾಣತನ. ಹಿಂದೆ "ಬೆಳ್ಳಗಾಗುತ್ತೀರಿ" ಅನ್ನುತ್ತಿದ್ದರು, ಅದನ್ನು ಅಳೆಯಬಹುದಿತ್ತು. ಈಗ "ಗ್ಲೋ" ಅಂತಾರೆ. ಗ್ಲೋ ಅಳೆಯುವ ತಕ್ಕಡಿ ಎಲ್ಲಿದೆ?

ಮಲ್ನಾಡ್‌ಮಳೆ

ಮಾಲ್, ಮೆಷಿನ್ ಎಲ್ಲ ಈಗ ಬಂದದ್ದು. ನಮ್ಮೂರಿನ ಫ್ಯಾನ್ಸಿ ಸ್ಟೋರಿನಲ್ಲಿ ಬಳೆ, ಟಿಕ್ಲಿ, ರಿಬ್ಬನ್ ನಡುವೆ ಸ್ಯಾಶೆಗಳ ಮಾಲೆ ನೇತಾಡುತ್ತಿದ್ದ ಕಾಲದಲ್ಲೇ ಈ ಕೆಲಸ ಶುರುವಾಗಿತ್ತು.

ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ. ಆ ಪ್ಯಾಕಿನ ಜೊತೆ ಒಂದು ಶೇಡ್ ಕಾರ್ಡ್ ಬರುತ್ತಿತ್ತು, ನೆನಪಿದೆಯಾ? ಒಂದೇ ಹುಡುಗಿಯ ಮುಖ, ಸಾಲಾಗಿ, ಈ ತುದಿಯಲ್ಲಿ ಕಪ್ಪು, ಆ ತುದಿಯಲ್ಲಿ ಬಿಳುಪು. ಒಂಬತ್ತನೇ ಕ್ಲಾಸಿನಲ್ಲಿ ಅದನ್ನು ಕೆನ್ನೆಗೆ ಹಿಡಿದುಕೊಂಡು ಬಚ್ಚಲಮನೆ ಕನ್ನಡಿಯಲ್ಲಿ ನೋಡುತ್ತಿದ್ದೆ. ನಾನು ಎಡಗಡೆಯಿಂದ ಎರಡನೆಯವಳು. ವಾರಕ್ಕೊಮ್ಮೆ ನೋಡಿದರೂ ಎರಡನೆಯವಳೇ. ಆ ಸಾಲಿನಲ್ಲಿ ಇನ್ನೊಂದು ಗಮನಿಸಿ, ಕಪ್ಪಗಿದ್ದವಳ ಮುಖದಲ್ಲಿ ನಗು ಇಲ್ಲ, ಬೆಳ್ಳಗಾದ ಹಾಗೆ ನಗು ಬರುತ್ತದೆ. ನನ್ನ ಕಾರ್ಡಿನಲ್ಲಿ ಹಾಗೇ ಇತ್ತು ಅಂತ ನನ್ನ ನೆನಪು.

ಆದರೆ ಕೊರಗು ಹುಟ್ಟಿಸಿದ್ದು ಕಂಪನಿ ಅಲ್ಲ, ಇದನ್ನೂ ಹೇಳಬೇಕು. ಎಣ್ಣೆಗೆಂಪು, ಸಾದಗಪ್ಪು, ಗೋಧಿಬಣ್ಣ ಅಂತ ಹುಡುಗಿ ನೋಡಲು ಬಂದವರ ಬಾಯಲ್ಲಿ ಆಗಲೇ ಶೇಡ್ ಕಾರ್ಡ್ ಇತ್ತು. "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ." ಕಂಪನಿ ಅದನ್ನು ಎತ್ತಿಕೊಂಡು ಅಚ್ಚು ಹಾಕಿಸಿತು. ಆಮೇಲೆ ಜಾಹೀರಾತಿನಲ್ಲಿ ಅಪ್ಪ "ಮಗ ಇದ್ದಿದ್ದರೆ" ಅಂತ ನಿಟ್ಟುಸಿರು ಬಿಡುವುದು, ಮಗಳು ಕ್ರೀಮ್ ಹಚ್ಚಿ ಗಗನಸಖಿ ಆಗುವುದು, ಅದರ ವಿರುದ್ಧ ಜನವಾದಿ ಮಹಿಳಾ ಸಂಘಟನೆಯವರು ಹೋರಾಡಿ 2003ರಲ್ಲಿ ಅದು ನಿಂತಿತು. ಶೇಡ್ ಕಾರ್ಡ್ ಪ್ಯಾಕಿನಿಂದ ಹೋಗಿದ್ದು 2019ರಲ್ಲಿ, ಹೆಸರು ಗ್ಲೋ ಅಂಡ್ ಲವ್ಲಿ ಆಗಿದ್ದು 2020ರಲ್ಲಿ. ಮೊನ್ನೆ ಊರಿಗೆ ಹೋದಾಗ ಅದೇ ಅಂಗಡಿಯಲ್ಲಿ ಒಬ್ಬ ಹುಡುಗಿ ಬಂದು "ಅಂಕಲ್, ಫೇರನ್ ಲವ್ಲಿ ಕೊಡಿ" ಅಂದಳು. ಅಂಕಲ್ ಗ್ಲೋ ತೆಗೆದುಕೊಟ್ಟರು. ಇಬ್ಬರಿಗೂ ಏನೂ ಅನ್ನಿಸಲಿಲ್ಲ.

ಬಿಯರ್ಡ್‌ಬಸ್ಯಾ

ಗಂಡಸರನ್ನ ಯಾಕ ಬಿಟ್ರಿ? 2005ರಾಗ ಫೇರ್ ಅಂಡ್ ಹ್ಯಾಂಡ್‌ಸಮ್ ಬಂತು. ಹುಡುಗ್ಯಾರ ಕ್ರೀಮ್ ಕದ್ದು ಹಚ್ಕೋತೀಯೇನೋ ಅಂತ ಚಾಷ್ಟಿ ಮಾಡೋ ಜಾಹೀರಾತು. ನಮ್ಮ ಹಾಸ್ಟೆಲ್ಲಿನಾಗ ಎಲ್ಲರೂ ಕದ್ದೇ ಹಚ್ಕೋತಿದ್ರು, ಹಂಗಾಗಿ ನೆಟ್ಟಗ ಎದಿಗೇ ಬಂದು ನಟ್ಟಿತು. ದಿಲ್ಲಿಯಾಗ ಒಬ್ಬರು 79 ರೂಪಾಯಿ ಟ್ಯೂಬ್ ಹಚ್ಚಿ ಬೆಳ್ಳಗ ಆಗಲಿಲ್ಲ ಅಂತ ಗ್ರಾಹಕರ ಕೋರ್ಟಿಗೆ ಹೋದ್ರು, 2024ರ ಡಿಸೆಂಬರ್‌ನಾಗ ಅಲ್ಲಿನ ಜಿಲ್ಲಾ ವೇದಿಕೆ ಕಂಪನಿಗೆ 14.5 ಲಕ್ಷ ದಂಡ ಹಾಕಿ ಆದೇಶ ಕೊಟ್ಟಿತು. ನಾ ಅವತ್ತೇ ಲೆಕ್ಕ ಹಾಕಿದೆ, ನಾ ಹಚ್ಚಿದ ಟ್ಯೂಬು ಎಲ್ಲಾ ಸೇರಿಸಿದ್ರ ನನಗ ಎಷ್ಟು ಕೋಟಿ ಬರಬೇಕು ಅಂತ. ಬಿಲ್ ಒಂದೂ ಇಲ್ಲ, ಏನ್ ಮಾಡೋದು.

ಈಗ ಗಡ್ಡದ ಎಣ್ಣಿ. ಬಾಟಲಿ ಮ್ಯಾಲ ಸಿಂಹ. ತಗೊಂಡೀನಿ.

ಗಂಧದಪೆಟ್ಟಿಗೆ

ಎಲ್ಲರೂ ಜಾಹೀರಾತಿಗೆ ಬೈಯುತ್ತಿದ್ದೀರಿ, ನಾನು ಸ್ವಲ್ಪ ಎದುರು ಮಾತಾಡುತ್ತೇನೆ.

ನಮ್ಮಜ್ಜಿ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿಯನ್ನು ಸೀರೆ ಟ್ರಂಕಿನಲ್ಲಿ ಇಡುತ್ತಿದ್ದರು. ಈಗಲೂ ಅಂಗಡಿಯಲ್ಲಿ ಆ ಡಬ್ಬಿ ಕಂಡರೆ ಕೈ ತಾನಾಗಿ ಹೋಗುತ್ತದೆ, ಮೂಗಿಗೆ ಹಿಡಿಯುತ್ತೇನೆ, ಟ್ರಂಕು ತೆರೆದ ಹಾಗಾಗುತ್ತದೆ. ಇದೂ ಭಾವನೆಯ ವ್ಯಾಪಾರವೇ ಅಲ್ವಾ? ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಹೊರದೇಶಕ್ಕೆ ಹೋಗುವುದು ನಿಂತು ಮರ ರಾಶಿ ಬಿದ್ದಾಗ ಎಣ್ಣೆ ತೆಗೆಯಲು ಹೊರಟಿದ್ದು, ಆಮೇಲೆ ಸೋಪು. ಅಂದರೆ ಇದು ಹುಟ್ಟಿದ್ದು ಸ್ಟಾಕ್ ಖಾಲಿ ಮಾಡುವ ಲೆಕ್ಕಾಚಾರದಿಂದ. ಆದರೆ ಇವತ್ತು ಅದನ್ನು ಹಾಗೆ ನೋಡುವವರು ಯಾರಿದ್ದಾರೆ? 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ ಎಷ್ಟು ಗಲಾಟೆ ಆಯಿತು ನೋಡಿದಿರಲ್ಲ. ಕನ್ನಡದ ನಟಿ ಸಿಗಲಿಲ್ಲವಾ ಅಂತ. ಬೇರೆ ರಾಜ್ಯಗಳಲ್ಲೂ ಮಾರಬೇಕು ಅಂತ ಸಚಿವರು ಸಮಜಾಯಿಷಿ ಕೊಡಬೇಕಾಯಿತು. ಒಂದು ಸೋಪಿಗೆ! ಯಾರೂ ನೊರೆ ಕಮ್ಮಿ ಬರುತ್ತದೆ ಅಂತ ಜಗಳ ಆಡಲಿಲ್ಲ. ನಮ್ಮ ಮನೆಯ ವಸ್ತು ಅಂತ ಆಡಿದರು.

ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ. ಕೆಲವು ವಸ್ತು ಕೊಳ್ಳುವ ಮೊದಲು ನಮ್ಮನ್ನು ಒಂದು ಮೆಟ್ಟಿಲು ಕೆಳಗೆ ಇಳಿಸುತ್ತವೆ. ಆ ಸ್ಕಿನ್ ಏಜ್ ಮೆಷಿನ್ ಮಾಡಿದ್ದು ಅದನ್ನೇ. ಮೊದಲು 43 ಮಾಡಿದರು, ಆಮೇಲೆ 36ಕ್ಕೆ ವಾಪಸ್ ಬರಲು ನಾಲ್ಕು ಸಾವಿರ ಟಿಕೆಟ್. ಅಜ್ಜಿಯ ಡಬ್ಬಿ ಹಾಗೆ ಮಾಡುವುದಿಲ್ಲ.

ಹಳೇಕೌಂಟರ್

ಗಂಧದಪೆಟ್ಟಿಗೆ ಅವರೇ, "ಟಿಕೆಟ್" ಅಂದಿರಲ್ಲ, ನಮ್ಮ ಟ್ರೈನರ್‌ಗೆ ಕೇಳಿಸಬೇಕಿತ್ತು. ಒಂದು ಸೇರಿಸುತ್ತೇನೆ: ಕೆಲವು ಕೌಂಟರುಗಳಲ್ಲಿ ಹುಡುಗಿಯರಿಗೆ ಬಿಳಿ ಕೋಟು ತೊಡಿಸುತ್ತಾರೆ. ಅದನ್ನು ಹಾಕಿದ ದಿನ ಗಿರಾಕಿಗಳು ನನ್ನನ್ನು "ಡಾಕ್ಟರೇ" ಅಂದಿದ್ದಾರೆ. ನಾನು ಬಿಕಾಂ ಅರ್ಧಕ್ಕೆ ಬಿಟ್ಟವಳು.

ಕಾಡಿಗೆಡಬ್ಬಿ

ಎಲ್ಲರ ಮಾತೂ ಓದಿದೆ. ಶೇಡ್ ಕಾರ್ಡ್ ವಿಷಯ ಓದಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ, ನಾನು ಮೂರನೆಯವಳು.

ಈಗ ಇವತ್ತಿನ ಕಥೆ. ಕಾಜಲ್ ಬೇಕಿತ್ತಲ್ಲ, ಅದಕ್ಕೇ ಅದೇ ಅಂಗಡಿಗೆ ಹೋದೆ. ಹಟ ಅಂತಲೇ ಇಟ್ಟುಕೊಳ್ಳಿ. ಪರ್ಸಿನಲ್ಲಿ ಐನೂರರ ಒಂದು ನೋಟು ಬಿಟ್ಟು ಬೇರೆ ಏನೂ ಇಲ್ಲ, ಕಾರ್ಡ್ ಮನೆಯಲ್ಲಿ, ಫೋನಿನ ಯುಪಿಐ ತೆಗೆದು ಹಾಕಿದ್ದೆ. ಒಳಗೆ ಹೋದ ಕೂಡಲೇ ದೀಪ ನೋಡಿದೆ. ನೆತ್ತಿ ಮೇಲೇ ಇದೆ. ನಡುವಿನ ಕನ್ನಡಿಯಲ್ಲಿ ಕಣ್ಣ ಕೆಳಗೆ ಕಪ್ಪು, ಎರಡು ಹೆಜ್ಜೆ ಹಿಂದೆ ಸರಿದರೆ ಅಷ್ಟಿಲ್ಲ. ಹುಚ್ಚಿಯ ಹಾಗೆ ಹಿಂದೆ ಮುಂದೆ ಓಡಾಡಿದೆ, ಸೆಕ್ಯುರಿಟಿಯವರು ನೋಡುತ್ತಿದ್ದರು. ಕಾಜಲ್ ತೆಗೆದುಕೊಂಡು ಸೀದಾ ಬಿಲ್ಲಿಂಗ್‌ಗೆ ಹೋದೆ. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಆ ಹುಡುಗಿ ಕೌಂಟರ್ ಬಿಟ್ಟು ಬಂದಳು. ಏನೂ ಮಾರಲಿಲ್ಲ. "ಮಗೂಗೆ ಜ್ವರ ಇಳೀತಾ ಮೇಡಂ?" ಅಂದಳು.

ಹಳೇಕೌಂಟರ್ ಅಕ್ಕಾ, ಇದೂ ಟ್ರೈನಿಂಗಾ?

ಹಳೇಕೌಂಟರ್

ನಮ್ಮ ಹತ್ತಿರ ಒಂದು ನೋಟ್‌ಬುಕ್ ಇರುತ್ತಿತ್ತು. ಗಿರಾಕಿಯ ನಂಬರ್ ಪಕ್ಕದಲ್ಲಿ ಎರಡು ಪದ ಬರೆದುಕೊಳ್ಳುತ್ತಿದ್ದೆವು. "ಮಗಳ ಮದುವೆ, ಮೇ." "ಆನಿವರ್ಸರಿ, ಆಗಸ್ಟ್." ಆ ತಿಂಗಳು ಬಂದಾಗ ಫೋನ್ ಮಾಡುತ್ತಿದ್ದೆವು. ಮಾರಾಟಕ್ಕೆ ಉಪಯೋಗ ಆಗುವಂಥದ್ದು ಮಾತ್ರ.

ಜ್ವರ ಬರೆದುಕೊಂಡಿದ್ದು ನನಗೆ ನೆನಪಿಲ್ಲ. ಅದಕ್ಕೆ ಮಾರುವಂಥದ್ದು ನಮ್ಮ ಹತ್ತಿರ ಏನೂ ಇರಲಿಲ್ಲ.

ಇಳಿಯಿತಾ, ಅಂದಹಾಗೆ?